ವಾಪಸಿಲ್ಲದ ರಿಯಾಯಿತಿ: ಕಾಫಿ ಸೀಮೆಯಿಂದ ರೈಲು ಟಿಕೆಟ್ಟಿನ ಲೆಕ್ಕ

2025ರ ಆಗಸ್ಟ್‌ನಲ್ಲಿ ಭಾರತೀಯ ರೈಲ್ವೆ ಹಬ್ಬದ ದಟ್ಟಣೆಯನ್ನು ಹಂಚಿಹಾಕಲೆಂದು ಪ್ರಾಯೋಗಿಕವಾಗಿ ಒಂದು ಯೋಜನೆ ಪ್ರಕಟಿಸಿತು. ಅಕ್ಟೋಬರ್ 13ರಿಂದ 26ರೊಳಗೆ ಹೋಗಿ ನವೆಂಬರ್ 17ರಿಂದ ಡಿಸೆಂಬರ್ 1ರೊಳಗೆ ಮರಳುವವರು ಎರಡೂ ಟಿಕೆಟ್‌ಗಳನ್ನು ಜೊತೆಯಾಗಿ ಕೊಂಡರೆ, ಮರಳುವ ಪ್ರಯಾಣದ ಮೂಲ ದರದಲ್ಲಿ ಶೇ 20 ರಿಯಾಯಿತಿ. ಹೋಗುವುದೂ ಬರುವುದೂ ಅವೇ ಎರಡು ನಿಲ್ದಾಣಗಳ ನಡುವೆ, ಅದೇ ದರ್ಜೆಯಲ್ಲಿ ಆಗಬೇಕು. ಎರಡೂ ಕಡೆ ಸೀಟು ಕನ್ಫರ್ಮ್ ಆಗಿರಬೇಕು. ಇಷ್ಟು ಷರತ್ತುಗಳನ್ನು ಯಾರೂ ದೊಡ್ಡದು ಮಾಡಲಿಕ್ಕಿಲ್ಲ. ತೂಕವಿದ್ದದ್ದು ಉಳಿದೆರಡು ಷರತ್ತುಗಳಿಗೆ: ಟಿಕೆಟ್ ರದ್ದು ಮಾಡಿದರೆ ಹಣ ವಾಪಸಿಲ್ಲ, ದಿನಾಂಕವನ್ನೂ ಬದಲಾಯಿಸುವಂತಿಲ್ಲ. ಪೂರ್ತಿ ದರ ಕೊಟ್ಟು ಬೇಡವಾದಾಗ ಹಿಂದಿರುಗಿಸಬಹುದಾದ ಟಿಕೆಟ್ ಒಂದು ಕಡೆ, ಕಡಿಮೆ ದರಕ್ಕೆ ಸಿಕ್ಕಿ ಹಿಂದಿರುಗಿಸಲಾಗದ ಟಿಕೆಟ್ ಇನ್ನೊಂದು ಕಡೆ. ಯಾವುದು ಯಾರಿಗೆ ಲಾಭ? ಮೇಲುನೋಟಕ್ಕೆ ಇದು ದುಡ್ಡಿನ ಲೆಕ್ಕ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ನಿಂತು ನೋಡಿದರೆ ಇದು ದುಡ್ಡಿಗಿಂತ ಹೆಚ್ಚಾಗಿ ದಿನದ ಲೆಕ್ಕ. ಪ್ರಯಾಣ ತಪ್ಪುತ್ತದೋ ಇಲ್ಲವೋ ಎಂಬುದರಷ್ಟೇ, ತಪ್ಪುವ ಸಂಗತಿ ಯಾವಾಗ ಗೊತ್ತಾಗುತ್ತದೆ ಎಂಬುದೂ ಇಲ್ಲಿ ಮುಖ್ಯ.

ರೈಲು ಕಡಿಮೆಯಿರುವ ಸೀಮೆಗೆ ರೈಲು ಟಿಕೆಟ್ಟಿನ ಚರ್ಚೆ ಯಾಕೆ ಎಂದು ಕೇಳಬಹುದು. ಕಡೂರಿನಿಂದ ಚಿಕ್ಕಮಗಳೂರಿಗೆ ಹಳಿ ಬಂದದ್ದೇ 2013ರಲ್ಲಿ. ಮೂಡಿಗೆರೆ, ಕಳಸಗಳಿಗೆ ಇಂದಿಗೂ ರೈಲಿಲ್ಲ. ದೂರದ ಪ್ರಯಾಣ ಇರುವವರು ಕಡೂರಿಗೋ ಬೀರೂರಿಗೋ ಸಕಲೇಶಪುರಕ್ಕೋ ಇಳಿಯಬೇಕು, ಇಲ್ಲವೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ರೈಲು ಹತ್ತಬೇಕು. ಆದರೆ ಸೌಲಭ್ಯ ಕಡಿಮೆಯಿದ್ದಷ್ಟೂ ಒಂದು ಟಿಕೆಟ್ಟಿನ ಮೇಲೆ ಬೀಳುವ ಭಾರ ಹೆಚ್ಚು. 2025ರ ಜುಲೈನಲ್ಲಿ ಚಿಕ್ಕಮಗಳೂರಿನಿಂದ ತಿರುಪತಿಗೆ ಶುರುವಾದ ರೈಲು ವಾರಕ್ಕೊಮ್ಮೆ ಓಡುವಂಥದು. ದಿನಕ್ಕೆ ನಾಲ್ಕು ರೈಲಿರುವ ಊರಿನಲ್ಲಿ ಒಂದು ತಪ್ಪಿದರೆ ಕೆಲವು ತಾಸು ನಷ್ಟ, ಇಲ್ಲಿ ತಪ್ಪಿದರೆ ಒಂದು ವಾರ. ಜೊತೆಗೆ, ರೈಲ್ವೆ ಆರಿಸಿಕೊಂಡ ದಿನಾಂಕಗಳು ಕಾಫಿ ಸೀಮೆಯ ಪಂಚಾಂಗಕ್ಕೆ ನೇರವಾಗಿ ತಗಲುತ್ತವೆ. ಆ ವರ್ಷ ಅಕ್ಟೋಬರ್ ಎಂದರೆ ದೀಪಾವಳಿ. ನವೆಂಬರ್ ಕೊನೆ ಎಂದರೆ ಅರೇಬಿಕಾ ಹಣ್ಣಾಗಿ ಕೊಯ್ಲು ಬಿರುಸಾಗುವ ಹೊತ್ತು. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದು ತೋಟದ ಲೈನ್ ಮನೆಗಳಲ್ಲಿ ವರ್ಷವಿಡೀ ನೆಲೆಸಿರುವ ಕಾರ್ಮಿಕರು ಊರಿಗೆ ಹೋಗಿ ಕೊಯ್ಲಿಗೆ ಮರಳುವುದಾದರೆ ಈ ಯೋಜನೆ ಅವರಿಗಾಗಿಯೇ ಹೊಲಿದಂತಿತ್ತು. ಕೊಯ್ಲಿಗೆಂದೇ ನವೆಂಬರಿನಲ್ಲಿ ಬಂದು ಫೆಬ್ರುವರಿ, ಮಾರ್ಚ್‌ಗೆ ವಾಪಸು ಹೋಗುವವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿರಲಿಲ್ಲ.

ನಮ್ಮಲ್ಲಿ ಹಣ ವಾಪಸಿಲ್ಲದ ಟಿಕೆಟ್ ಎಂದರೆ ಜನ ಕಂಡಿರುವುದು ತತ್ಕಾಲ್. 1997ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರಯಾಣಿಕ ಕೊಡುವುದು ಹೆಚ್ಚುವರಿ ಹಣ, ಕನ್ಫರ್ಮ್ ಆದ ಟಿಕೆಟ್ ರದ್ದು ಮಾಡಿದರೆ ಸಿಗುವುದು ಸೊನ್ನೆ. ಯೂರೋಪಿನಲ್ಲಿ ಲೆಕ್ಕ ಇದರ ತಿರುವುಮುರುವು. ಜರ್ಮನಿಯ ರೈಲ್ವೆಯಲ್ಲಿ ಫ್ಲೆಕ್ಸ್‌ಪ್ರೈಸ್ ಎಂಬ ಪೂರ್ಣ ದರದ ಟಿಕೆಟ್ಟಿಗೆ ಸ್ವಾತಂತ್ರ್ಯ ಹೆಚ್ಚು. ಸೂಪರ್ ಸ್ಪಾರ್‌ಪ್ರೈಸ್ ಎಂಬ ಅಗ್ಗದ ಟಿಕೆಟ್ಟನ್ನು ರದ್ದು ಮಾಡುವಂತಿಲ್ಲ. ಬ್ರಿಟನ್ನಿನ ಅಡ್ವಾನ್ಸ್ ಟಿಕೆಟ್ಟೂ ಅಗ್ಗ, ಪ್ರಯಾಣಿಕನ ಮನಸ್ಸು ಬದಲಾದರೆ ಹಣ ವಾಪಸಿಲ್ಲ. ಆದರೆ ರೈಲು ಹೊರಡುವ ಮೊದಲು ಶುಲ್ಕ ಕೊಟ್ಟು ಬೇರೆ ದಿನಕ್ಕೆ, ಬೇರೆ ರೈಲಿಗೆ ಬದಲಾಯಿಸಿಕೊಳ್ಳಬಹುದು. ಅಲ್ಲಿ ಸ್ವಾತಂತ್ರ್ಯ ಬಿಟ್ಟುಕೊಟ್ಟವನಿಗೆ ರಿಯಾಯಿತಿ, ಇಲ್ಲಿ ಅಭಾವದ ಹೊತ್ತಿನಲ್ಲಿ ಬಂದವನಿಗೆ ಹೆಚ್ಚಿನ ದರದ ಜೊತೆ ವಾಪಸಿಲ್ಲದ ಷರತ್ತು. 2025ರ ಹಬ್ಬದ ಯೋಜನೆ ಯೂರೋಪಿನ ಮಾದರಿಯತ್ತ ಇಟ್ಟ ಹೆಜ್ಜೆ ಎನ್ನಬಹುದು. ಅದರ ಹಿಂದಿನ ವ್ಯವಹಾರ ಕಾಫಿ ಬೆಳೆಗಾರರಿಗೆ ಹೊಸದೇನಲ್ಲ. ಹಣ್ಣು ಗಿಡದಲ್ಲಿರುವಾಗಲೇ ವ್ಯಾಪಾರಿಯ ಜೊತೆ ದರ ಮಾತಾಡಿಕೊಂಡವರು ಖಚಿತತೆಯನ್ನು ಕೊಟ್ಟು ಏನನ್ನೋ ಪಡೆದಿರುತ್ತಾರೆ. ಕೊಟ್ಟದ್ದಕ್ಕೆ ತಕ್ಕ ಬೆಲೆ ಸಿಕ್ಕಿತೇ ಎಂಬುದು ಅಲ್ಲಿ ಹೇಗೋ ಇಲ್ಲೂ ಹಾಗೇ ನಿಜವಾದ ಪ್ರಶ್ನೆ.

ಲೆಕ್ಕ ಹಾಕಿ ನೋಡೋಣ. ಸ್ಲೀಪರ್ ದರ್ಜೆಯಲ್ಲಿ ಒಂದು ಕಡೆಗೆ 800 ರೂಪಾಯಿ ಎಂದಿಟ್ಟುಕೊಂಡರೆ ಸಾಮಾನ್ಯ ದರದಲ್ಲಿ ಹೋಗಿ ಬರಲು 1,600. ರಿಯಾಯಿತಿ ಮರಳುವ ಕಡೆಗೆ ಮಾತ್ರ ಇರುವುದರಿಂದ ಉಳಿಯುವುದು 160, ಅಂದರೆ ಒಟ್ಟು ಖರ್ಚಿನ ಶೇ 10. ರಿಯಾಯಿತಿ ಮೂಲ ದರಕ್ಕಷ್ಟೇ ಅನ್ವಯ. ರಿಸರ್ವೇಶನ್ ಶುಲ್ಕ, ಸೂಪರ್‌ಫಾಸ್ಟ್ ಶುಲ್ಕ ಬಿಟ್ಟರೆ ಉಳಿತಾಯ ಇನ್ನೂ ಒಂದಿಷ್ಟು ಇಳಿಯುತ್ತದೆ. ಜಾಹೀರಾತಿನ 20 ಹೀಗೆ ಜೇಬಿಗೆ ಬರುವಾಗ 10ಕ್ಕಿಂತ ಕಡಿಮೆ. ಇನ್ನು ಬಿಟ್ಟುಕೊಟ್ಟದ್ದೇನು? 2015ರ ನವೆಂಬರ್ 12ರಿಂದ ಜಾರಿಗೆ ಬಂದು, ಹಬ್ಬದ ಯೋಜನೆಯ ಕಾಲಕ್ಕೂ ನಡೆಯುತ್ತಿದ್ದ ನಿಯಮದ ಪ್ರಕಾರ, ರೈಲು ಹೊರಡಲು 48 ಗಂಟೆಗಿಂತ ಮೊದಲು ರದ್ದು ಮಾಡಿದರೆ ಸ್ಲೀಪರ್‌ಗೆ 120 ರೂಪಾಯಿ, ಎಸಿ ತ್ರಿ ಟಯರ್‌ಗೆ 180 ರೂಪಾಯಿ ಕಡಿತ. ಸಾಮಾನ್ಯ ದರದಲ್ಲಿ ಕೊಂಡು ಎರಡೂ ಕಡೆಯ ಪ್ರಯಾಣ ರದ್ದು ಮಾಡಿದವರ ಕೈಗೆ 1,360 ಬರುತ್ತದೆ. ರಿಯಾಯಿತಿ ಟಿಕೆಟ್ ಕೊಂಡವರಿಗೆ ಏನೂ ಇಲ್ಲ. 160ನ್ನು 1,360ರಿಂದ ಭಾಗಿಸಿದರೆ ಸುಮಾರು ಶೇ 12. ಪ್ರಯಾಣವೇ ನಿಂತುಹೋಗುವ ಸಾಧ್ಯತೆ ನೂರಕ್ಕೆ 12ಕ್ಕಿಂತ ಕಡಿಮೆ ಇದ್ದರೆ ರಿಯಾಯಿತಿ ಲಾಭ, ಮೀರಿದರೆ ನಷ್ಟ. ಹೋಗುವುದು ಖಚಿತವಿದ್ದು ಮರಳುವ ದಿನ ಮಾತ್ರ ಅನುಮಾನವಿದ್ದರೆ ಗೆರೆ ಮೇಲೇರುತ್ತದೆ: 160ಕ್ಕೆ ಎದುರಾಗಿ 680, ಅಂದರೆ ಸುಮಾರು ಶೇ 24.

ಈ ಗೆರೆಯ ಯಾವ ಪಕ್ಕದಲ್ಲಿ ಸಾಮಾನ್ಯ ಪ್ರಯಾಣಿಕ ನಿಂತಿದ್ದಾನೆ ಎಂಬುದಕ್ಕೆ ರೈಲ್ವೆಯೇ ಸುಳಿವು ಕೊಟ್ಟಿದೆ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದಾಗ ಅದು ಕೊಟ್ಟ ಕಾರಣ ಇದು: 61ರಿಂದ 120 ದಿನ ಮೊದಲೇ ಕೊಂಡ ಟಿಕೆಟ್‌ಗಳಲ್ಲಿ ಸುಮಾರು ಶೇ 21 ರದ್ದಾಗುತ್ತಿದ್ದವು, ಇನ್ನು ಸುಮಾರು ಶೇ 5ರಷ್ಟು ಜನ ರದ್ದೂ ಮಾಡದೆ ಪ್ರಯಾಣಕ್ಕೂ ಬರುತ್ತಿರಲಿಲ್ಲ. ಹಬ್ಬದ ಯೋಜನೆಯ ಬುಕಿಂಗ್ ಆರಂಭವಾದದ್ದು ಆಗಸ್ಟ್ 14ಕ್ಕೆ. ಅಂದೇ ಕೊಂಡವರಿಗೆ ಮರಳುವ ಪ್ರಯಾಣ 95ರಿಂದ 109 ದಿನ ದೂರ. 60 ದಿನದ ಮಿತಿಯಿಂದ ಆ ಟಿಕೆಟ್ಟಿಗೆ ವಿನಾಯಿತಿ ಕೊಡಲಾಗಿತ್ತು. ಜನ ಐದರಲ್ಲೊಂದು ಟಿಕೆಟ್ ರದ್ದು ಮಾಡುತ್ತಾರೆಂದು ಮುಚ್ಚಿದ ಅವಧಿಯನ್ನೇ ರದ್ದು ಮಾಡಲಾಗದ ಟಿಕೆಟ್ಟಿಗೆ ತೆರೆದಂತಾಯಿತು. ಶೇ 21 ಎಂಬುದು ಮರಳುವ ದಿನ ಮಾತ್ರ ಅನುಮಾನವಿದ್ದವರ ಶೇ 24ರ ಗೆರೆಯ ಹತ್ತಿರದಲ್ಲೇ ಇದೆ, ಇಡೀ ಪ್ರಯಾಣದ ಶೇ 12ರ ಗೆರೆಯನ್ನು ದಾಟಿದೆ. ಹಾಗಾಗಿ ಸರಾಸರಿ ಪ್ರಯಾಣಿಕನಿಗೆ ಇದು ಹೆಚ್ಚೆಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ವ್ಯವಹಾರ. ಸರಾಸರಿಗಿಂತ ದಿನ ಗಟ್ಟಿಯಿದ್ದವರಿಗೆ ಲಾಭ, ಸಡಿಲವಿದ್ದವರಿಗೆ ನಷ್ಟ.

ಇಲ್ಲಿಯವರೆಗಿನ ಲೆಕ್ಕ ಒಂದು ವಿಷಯವನ್ನು ಬಿಟ್ಟಿದೆ. ಸಾಮಾನ್ಯ ದರದ ಟಿಕೆಟ್ಟಿನ ಸ್ವಾತಂತ್ರ್ಯ ಕೊನೆಯ ಕ್ಷಣದವರೆಗೆ ಒಂದೇ ಸಮ ಇರುವುದಿಲ್ಲ, ದಿನ ಹತ್ತಿರ ಬಂದಂತೆ ಕರಗುತ್ತದೆ. ಅದೇ ನಿಯಮದಲ್ಲಿ 48ರಿಂದ 12 ಗಂಟೆಯೊಳಗೆ ರದ್ದು ಮಾಡಿದರೆ ಕಾಲು ಭಾಗ ಕಡಿತ, 12ರಿಂದ 4 ಗಂಟೆಯೊಳಗೆ ಅರ್ಧ, ಅಲ್ಲಿಂದ ಮುಂದೆ ಏನೂ ಇಲ್ಲ. 800 ರೂಪಾಯಿಯ ಮರಳುವ ಟಿಕೆಟ್ಟಿಗೆ ಇದನ್ನು ಹಚ್ಚಿದರೆ ವಾಪಸು ಬರುವುದು ಮೊದಲು 680, ಆಮೇಲೆ 600, ಆಮೇಲೆ 400, ಕೊನೆಗೆ ಸೊನ್ನೆ. ಲಾಭನಷ್ಟದ ಗೆರೆ ಶೇ 24ರಿಂದ 27ಕ್ಕೆ, ಅಲ್ಲಿಂದ 40ಕ್ಕೆ ಏರುತ್ತದೆ. ರೈಲು ಹೊರಡುವ ಗಳಿಗೆಯಲ್ಲಿ ತೊಡಕು ಗೊತ್ತಾಗುವ ಮನುಷ್ಯನಿಗೆ ಎರಡೂ ಟಿಕೆಟ್ ಒಂದೇ, ಹಾಗಿದ್ದ ಮೇಲೆ ಅಗ್ಗದ್ದೇ ವಾಸಿ. ಅಂದರೆ ಹೆಚ್ಚಿನ ದರ ಕೊಟ್ಟು ನಾವು ಕೊಳ್ಳುವುದು ಎಲ್ಲ ಬಗೆಯ ಅನಿಶ್ಚಿತತೆಯ ವಿರುದ್ಧ ರಕ್ಷಣೆಯನ್ನಲ್ಲ. ಮುಖ್ಯವಾಗಿ ಎರಡು ದಿನ ಮೊದಲೇ ತಿಳಿದುಬರುವ ಬದಲಾವಣೆಗಳ ವಿರುದ್ಧ ಅದು ರಕ್ಷಣೆ.

ಕಾಫಿ ಸೀಮೆಯ ಅನಿಶ್ಚಿತತೆಯಲ್ಲಿ ಎರಡು ಬಗೆ, ಎರಡೂ ಮಳೆಯಿಂದಲೇ ಬರುವಂಥವು. ಮೊದಲನೆಯದು ಕೆಲಸದ್ದು. ಮಾರ್ಚ್, ಏಪ್ರಿಲ್‌ನ ಹೂಮಳೆ ಯಾವಾಗ ಬಿತ್ತು ಎಂಬುದರ ಮೇಲೆ ಹಣ್ಣು ಯಾವಾಗ ಕೆಂಪಾಗುತ್ತದೆ ಎಂಬುದು ನಿಂತಿದೆ. ಒಂದೇ ತೋಟದಲ್ಲಿ ಹೂವು ಎರಡು ಮೂರು ಸರದಿಯಲ್ಲಿ ಬಂದರೆ ಕೊಯ್ಲೂ ಅಷ್ಟೇ ಸರದಿಯಾಗುತ್ತದೆ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮಳೆ ಹಿಡಿದರೆ ಹಣ್ಣು ಒಡೆದು ಉದುರುತ್ತದೆ, ಕಣದಲ್ಲಿ ಹರಡಿದ್ದು ಒಣಗುವುದಿಲ್ಲ. ಆಗ ಕೊಯ್ಲು ಒಂದೋ ಅವಸರದಲ್ಲಿ ಹಿಂದಕ್ಕೆ ಬರುತ್ತದೆ, ಇಲ್ಲವೇ ಮುಂದಕ್ಕೆ ಹೋಗುತ್ತದೆ. ಆಗಸ್ಟ್ ಮಧ್ಯದಲ್ಲಿ ಕುಳಿತು ನವೆಂಬರ್ 20ಕ್ಕೆ ಆಳು ಬೇಕೋ ಡಿಸೆಂಬರ್ 5ಕ್ಕೆ ಬೇಕೋ ಎಂದು ತೋಟದ ಲೆಕ್ಕ ನೋಡುವ ಯಾವ ರೈಟರೂ ಹೇಳಲಾರ. ಆದರೆ ಅಕ್ಟೋಬರ್ ಕೊನೆಗೆ, ಕಾಯಿ ಬಣ್ಣ ತಿರುಗುವಾಗ, ಬಹುಮಟ್ಟಿಗೆ ಹೇಳಬಲ್ಲ. ಬದಲಾವಣೆ ದೊಡ್ಡದು, ಗೊತ್ತಾಗುವುದು ವಾರಗಟ್ಟಲೆ ಮೊದಲು. ಸಾಮಾನ್ಯ ದರದ ಟಿಕೆಟ್ಟಿನ ಸ್ವಾತಂತ್ರ್ಯಕ್ಕೆ ಅತಿ ಹೆಚ್ಚು ಬೆಲೆ ಬರುವುದು ಇಂಥ ಕಡೆಯಲ್ಲೇ. ತೋಟದ ಕೆಲಸಕ್ಕೆ ಮರಳುವವರು ರಿಯಾಯಿತಿಗೆ ಒಲಿಯಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಟಿಕೆಟ್ಟಿನ ಹಣವನ್ನು ಮಾಲೀಕರೋ ಮೇಸ್ತ್ರಿಯೋ ಕೊಟ್ಟು ಆಮೇಲೆ ಕೂಲಿಯಲ್ಲಿ ಹಿಡಿಯುವ ಪದ್ಧತಿ ಇರುವಲ್ಲಿ ಈ ಮಾತು ಇನ್ನೂ ಮುಖ್ಯವಾಗುತ್ತದೆ. ದಿನ ಬದಲಾಯಿಸುವುದು ತೋಟ, ಮುಳುಗಿದ ಟಿಕೆಟ್ಟಿನ ಸಾಲ ಮಾತ್ರ ಆಳಿನ ತಲೆಗೆ.

ಎರಡನೆಯ ಬಗೆ ದಾರಿಯದ್ದು, ಅದು ಹಿಂದಿನ ರಾತ್ರಿಯಷ್ಟೇ ಗೊತ್ತಾಗುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ಸಂಚಾರ ನಿಂತಿತು. ಭದ್ರೆ ಉಕ್ಕಿದರೆ ಕಳಸ ಮತ್ತು ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹರಿದದ್ದು ಎಷ್ಟೋ ಸಲ. ಇಲ್ಲಿ ನಿಯಮದ ಒಂದು ಓರೆಯನ್ನು ಗಮನಿಸಬೇಕು. 2024ರ ಜುಲೈ 26ರಂದು ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ ಎಡಕುಮೇರಿ, ಕಡಗರವಳ್ಳಿ ಬಳಿ ಹಳಿಯಡಿಯ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ರೈಲ್ವೆಯೇ ರೈಲು ರದ್ದು ಮಾಡಿದರೆ ಸಾಮಾನ್ಯ ಟಿಕೆಟ್ ಇರಲಿ ತತ್ಕಾಲ್ ಇರಲಿ, ಪೂರ್ತಿ ಹಣ ವಾಪಸು. ರೈಲು ಮೂರು ಗಂಟೆಗಿಂತ ತಡವಾಗಿ, ಪ್ರಯಾಣಿಕ ಹತ್ತದೆ ಉಳಿದರೂ ಹಣ ಕೇಳಬಹುದು. ಅದೇ ಮಣ್ಣು ಹಳಿಯ ಬದಲು ರಸ್ತೆಯ ಮೇಲೆ ಬಿದ್ದರೆ ಕಡೂರಿನಲ್ಲಿ ರೈಲು ಸಮಯಕ್ಕೆ ಸರಿಯಾಗಿ ಬಂದು ಹೋಗುತ್ತದೆ, ಕಳಸದ ಪ್ರಯಾಣಿಕನ ಹಣವೂ ಅದರ ಜೊತೆ ಹೋಗುತ್ತದೆ. ರೈಲಿಲ್ಲದ ಊರಿನವರು ರೈಲಿರುವ ಊರಿನವರಿಗಿಂತ ಹೆಚ್ಚಿನ ಅಪಾಯ ಹೊರುತ್ತಿದ್ದರೂ ಟಿಕೆಟ್ಟಿನ ನಿಯಮಕ್ಕೆ ಅದು ಕಾಣುವುದಿಲ್ಲ. ಹಾಗೆಂದು ಇದಕ್ಕೆ ಪೂರ್ಣ ದರ ಮದ್ದಲ್ಲ. ರಾತ್ರಿ ಕುಸಿದ ರಸ್ತೆಯ ಸುದ್ದಿ ಬೆಳಿಗ್ಗೆ ತಲುಪುವ ಹೊತ್ತಿಗೆ ವಾಪಸು ಬರುವ ಹಣ ಅರ್ಧಕ್ಕೋ ಸೊನ್ನೆಗೋ ಇಳಿದಿರುತ್ತದೆ. ಮಳೆಗಾಲದಲ್ಲಿ ದಾರಿಯ ಭಯವಿದ್ದವರಿಗೆ ಒಂದು ದಿನ ಮೊದಲೇ ಬಯಲಿಗೆ ಇಳಿದು ತಂಗುವುದು ದುಬಾರಿ ಟಿಕೆಟ್ಟಿಗಿಂತ ಒಳ್ಳೆಯ ವಿಮೆ.

ಹಾಗಾದರೆ ರಿಯಾಯಿತಿ ಯಾರಿಗೆ? ದಿನ ತಮ್ಮ ಕೈಯಲ್ಲಿರುವವರಿಗೆ, ಇಲ್ಲವೇ ಯಾರೂ ಅಲ್ಲಾಡಿಸಲಾಗದ ದಿನ ಇರುವವರಿಗೆ. ಮುಹೂರ್ತ ನಿಶ್ಚಯವಾದ ಮದುವೆ, ದಿನಾಂಕ ಪ್ರಕಟವಾದ ಪರೀಕ್ಷೆ, ಮೊದಲೇ ಕಾಯ್ದಿರಿಸಿದ ತಿರುಮಲೆಯ ದರ್ಶನ ಇವು ಅಂಥವು. ಬೆಂಗಳೂರಿನಲ್ಲಿ ಓದುವ, ಒಂಟಿಯಾಗಿ ಓಡಾಡುವ ವಿದ್ಯಾರ್ಥಿಗೆ ಯೋಜನೆಯ ದಿನಾಂಕಗಳು ಹೊಂದಿದರೆ ಕೊಳ್ಳದಿರಲು ಕಾರಣವಿಲ್ಲ. ಕುಟುಂಬವಾಗಿ ಹೋಗುವವರು ಮಾತ್ರ ಇನ್ನೊಮ್ಮೆ ಎಣಿಸಬೇಕು. ನಾಲ್ವರ ಮನೆಯಲ್ಲಿ ಒಬ್ಬೊಬ್ಬರಿಗೆ ಜ್ವರವೋ ರಜೆಯ ತೊಡಕೋ ಬರುವ ಸಾಧ್ಯತೆ ಶೇ 4 ಎಂದರೆ ಕಡಿಮೆಯೇ ಅನ್ನಿಸುತ್ತದೆ. ಆದರೆ ನಾಲ್ವರಲ್ಲಿ ಯಾರಾದರೊಬ್ಬರಿಗೆ ಬರುವ ಸಾಧ್ಯತೆ ಶೇ 15. ಒಬ್ಬರು ಬಿದ್ದರೆ ಎಲ್ಲರೂ ಉಳಿಯುವ ಮನೆಗಳಲ್ಲಿ ಇಡೀ ಪ್ರಯಾಣದ ಶೇ 12ರ ಗೆರೆ ಹೀಗೆ ಸದ್ದಿಲ್ಲದೆ ದಾಟಿಹೋಗುತ್ತದೆ.

ರೈಲ್ವೆಯ ಪರವಾಗಿ ಹೇಳಬಹುದಾದ ಎರಡು ಮಾತುಗಳಿಗೆ ಉತ್ತರಿಸಬೇಕು. ಮೊದಲನೆಯದು, ಪ್ರಯಾಣಿಕ ದರವೇ ಸಬ್ಸಿಡಿಯದ್ದು. ವೆಚ್ಚದ ಶೇ 57 ಮಾತ್ರ ವಸೂಲಾಗುತ್ತದೆ ಎಂದು ರೈಲ್ವೆ ಟಿಕೆಟ್ಟಿನ ಮೇಲೆಯೇ ಮುದ್ರಿಸಿದ್ದುಂಟು. ಅಗ್ಗವಾಗಿ ಸಿಕ್ಕಿದ್ದನ್ನು ಇನ್ನೂ ಅಗ್ಗ ಮಾಡಿಕೊಟ್ಟಾಗ ಷರತ್ತು ಹಾಕಿದರೆ ತಪ್ಪೇನು ಎಂಬ ವಾದ. ತಪ್ಪಿಲ್ಲ, ಆದರೆ ಷರತ್ತಿಲ್ಲದೆ ಕೊಡುತ್ತಿದ್ದ ರಿಯಾಯಿತಿಯನ್ನು ಕಿತ್ತುಕೊಂಡ ಮೇಲೆ ಈ ವಾದದ ಬಲ ಕಡಿಮೆ. 60 ದಾಟಿದ ಪುರುಷರಿಗೆ ಶೇ 40, 58 ದಾಟಿದ ಮಹಿಳೆಯರಿಗೆ ಶೇ 50 ಇದ್ದ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಎರಡನೆಯ ಮಾತು ಗಟ್ಟಿಯಾದದ್ದು. ರದ್ದತಿ ಸುಲಭವಾದರೆ ಬೇಕೋ ಬೇಡವೋ ಜನ ಸೀಟು ಹಿಡಿದಿಡುತ್ತಾರೆ, ನಿಜವಾಗಿ ಹೋಗಬೇಕಾದವನು ವೇಟಿಂಗ್ ಲಿಸ್ಟಿನಲ್ಲಿ ಕೊಳೆಯುತ್ತಾನೆ. ನಿಜ, ಶೇ 21ರ ಅಂಕಿಯನ್ನು ಆ ಕಡೆಯಿಂದಲೂ ಓದಬಹುದು. ಆದರೆ ಹಣ ವಾಪಸಿಲ್ಲ ಎಂದಾದ ಮೇಲೆ ಪ್ರಯಾಣ ತಪ್ಪಿದವನಿಗೆ ಟಿಕೆಟ್ ರದ್ದು ಮಾಡುವ ಕಾರಣವೇ ಉಳಿಯುವುದಿಲ್ಲ. ಬರ್ತು ಖಾಲಿಯೆಂದು ರೈಲ್ವೆಗೆ ಗೊತ್ತಾಗುವುದು ಟಿಟಿಇ ಬಂದು ನೋಡಿದಾಗ. ಎರಡು ವಾರ ಮೊದಲೇ ಸೀಟು ಬಿಟ್ಟುಕೊಟ್ಟವನಿಗೆ ಕೊಡುವ ಮರುಪಾವತಿಯನ್ನು ಔದಾರ್ಯ ಎಂದು ನೋಡಬೇಕಿಲ್ಲ, ಆ ಸೀಟನ್ನು ಇನ್ನೊಬ್ಬರಿಗೆ ಮಾರಲು ನೆರವಾದ ಮಾಹಿತಿಯ ಬೆಲೆ ಅದು. ಸೀಟು ಹಿಡಿದಿಡುವುದನ್ನು ತಡೆಯಲು ಕಡಿತ ಏರಿಸಬಹುದು, ಪೂರ್ತಿ ಮುಳುಗಿಸುವ ಅಗತ್ಯವಿಲ್ಲ.

ಇದಕ್ಕಿಂತ ಮೆದುವಾದ ಮಾದರಿ ನಮ್ಮ ಬಸ್ ನಿಲ್ದಾಣದಲ್ಲೇ ಇದೆ. ಹೋಗುವ ಮತ್ತು ಬರುವ ಟಿಕೆಟ್ ಜೊತೆಯಾಗಿ ಕಾಯ್ದಿರಿಸಿದರೆ ಬರುವ ದರದಲ್ಲಿ ಶೇ 10, ನಾಲ್ವರು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿದರೆ ಶೇ 5 ರಿಯಾಯಿತಿಯನ್ನು ಕೆಎಸ್‌ಆರ್‌ಟಿಸಿ ಪ್ರತಿ ಹಬ್ಬದಲ್ಲೂ ಪ್ರಕಟಿಸುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಟಿಕೆಟ್ ದರವೇ ಇಲ್ಲ. ದಿನ ಬದಲಾಯಿಸಲು ಯಾರನ್ನೂ ಕೇಳಬೇಕಿಲ್ಲದ ಪ್ರಯಾಣ ಸೊನ್ನೆ ದರಕ್ಕೆ ಸಿಗುವಾಗ, ಬೆಂಗಳೂರಿನವರೆಗಿನ ಅವರ ಓಡಾಟಕ್ಕೆ ವಾಪಸಿಲ್ಲದ ರೈಲು ಟಿಕೆಟ್ ಯಾವ ಲೆಕ್ಕಕ್ಕೂ ಬಾರದು. ಪ್ರಶ್ನೆ ನಿಜವಾಗಿ ಏಳುವುದು ಈ ಉಚಿತ ಬಸ್ಸು ತಲುಪದ ದೂರಗಳಿಗೆ: ತಿರುಪತಿಗೆ, ಮುಂಬೈಗೆ, ದೆಹಲಿಗೆ, ಗುವಾಹಟಿಗೆ.

ಆ ದೂರಗಳಿಗೆ ಬೇಕಾದದ್ದು ಎರಡರ ನಡುವಿನ ಟಿಕೆಟ್. ಕಾಫಿ ಸೀಮೆಯವರು ಹೆಚ್ಚಾಗಿ ಪ್ರಯಾಣವನ್ನು ಕೈಬಿಡುವುದಿಲ್ಲ, ಮುಂದೂಡುತ್ತಾರೆ. ಹಣ ವಾಪಸು ಬರದಿದ್ದರೂ ಅವರಿಗೆ ನಡೆಯುತ್ತದೆ, ದಿನಾಂಕ ಬದಲಾದರೆ ಸಾಕು. ಕೌಂಟರಿನಲ್ಲಿ ಕೊಂಡ ಕನ್ಫರ್ಮ್ ಟಿಕೆಟ್ಟಿಗೆ 48 ಗಂಟೆ ಮೊದಲು ಒಂದು ಸಲ ದಿನಾಂಕ ಬದಲಾಯಿಸುವ ಅವಕಾಶವನ್ನು ರೈಲ್ವೆ ಕೊಟ್ಟುಕೊಂಡೇ ಬಂದಿದೆ. ತಂದೆತಾಯಿ, ಗಂಡಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ 24 ಗಂಟೆ ಮೊದಲು ಟಿಕೆಟ್ ವರ್ಗಾಯಿಸುವ ನಿಯಮವೂ ಇದೆ. ಹಬ್ಬದ ಯೋಜನೆ ರಿಯಾಯಿತಿಯ ಆಸೆ ತೋರಿಸಿ ಕಿತ್ತುಕೊಂಡದ್ದು ಈ ಸಣ್ಣ ಸೌಲಭ್ಯಗಳನ್ನು. ಮುಂದಿನ ಸಲ ಇಂಥ ಯೋಜನೆ ತರುವಾಗ ಮರುಪಾವತಿ ಇಲ್ಲ ಎಂಬುದನ್ನು ಉಳಿಸಿಕೊಂಡು, ಎರಡು ವಾರ ಮೊದಲು ತಿಳಿಸಿದವರಿಗೆ ಶುಲ್ಕ ಪಡೆದು ಒಂದು ಸಲ ದಿನಾಂಕ ಬದಲಾಯಿಸಲು ಬಿಟ್ಟರೆ ಸಾಕು: ರೈಲ್ವೆಗೆ ಹಣವೂ ಉಳಿಯುತ್ತದೆ, ಮತ್ತೆ ಮಾರಲು ಸೀಟೂ ಸಿಗುತ್ತದೆ, ಕೊಯ್ಲಿಗೆ ಮರಳುವವರ ಟಿಕೆಟ್ಟೂ ಮುಳುಗುವುದಿಲ್ಲ. ಹಳೆಯ ಷರತ್ತುಗಳಲ್ಲೇ ಯೋಜನೆ ಮತ್ತೆ ಬಂದರೆ ಮದುವೆ, ಪರೀಕ್ಷೆ, ದರ್ಶನಕ್ಕೆ ಹೋಗುವವರು ರಿಯಾಯಿತಿಯನ್ನು ನಿಶ್ಚಿಂತೆಯಿಂದ ಕೊಳ್ಳಲಿ. ತೋಟದ ಕೆಲಸಕ್ಕೆ ದಿನ ಕಟ್ಟಿಕೊಂಡವರು 160 ರೂಪಾಯಿಯ ಆಸೆ ಬಿಟ್ಟು ಪೂರ್ತಿ ದರವನ್ನೇ ಕೊಡುವುದು ಸರಿ.